ಪೋಲೆಂಡ್‌ನಲ್ಲಿ ದುಡ್ಡು ಸೋರುವುದು ಎಟಿಎಂ ಮುಂದೆ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪೋಲೆಂಡ್ ಪ್ರವಾಸದ ಲೇಖನ ಓದಿದೆ. ಅಗ್ಗದ ಹೋಟೆಲ್, ವಿಮಾನದ ಟಿಕೆಟ್ ಎಲ್ಲಾ ಚೆನ್ನಾಗಿ ಬರೆದಿದ್ದಾರೆ. ಹಣ ಬದಲಾಯಿಸುವ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲೇ ಕೂದಲು ನರೆತವನು ನಾನು. ಕಳೆದ ವರ್ಷ ಹೆಂಡತಿ ಜೊತೆ ವಾರ್ಸಾ, ಕ್ರಾಕೋವ್ ನೋಡಿ ಬಂದೆ. ಹಾಗಾಗಿ ಸುಮ್ನೆ ಇರಲು ಮನಸ್ಸಾಗಲಿಲ್ಲ.

ಪೋಲೆಂಡ್ 2004ರಲ್ಲೇ ಐರೋಪ್ಯ ಒಕ್ಕೂಟ ಸೇರಿದರೂ ಅಲ್ಲಿ ನಡೆಯುವುದು ಯೂರೋ ಅಲ್ಲ, ಜ್ಲೋಟಿ. ಎಟಿಎಂಗೆ ಕಾರ್ಡ್ ಹಾಕಿದರೆ ರೂಪಾಯಿ ಲೆಕ್ಕದಲ್ಲೇ ಕಡಿತ ಮಾಡಲೇ ಎಂದು ಪರದೆ ಕೇಳುತ್ತದೆ. ಒಪ್ಪಬೇಡಿ. ಒಪ್ಪಿದರೆ ದರ ನಿಗದಿ ಮಾಡುವವರು ಆ ಯಂತ್ರದವರು. ನಮ್ಮ ಬ್ಯಾಂಕಿನ ದರಕ್ಕಿಂತ ಅದು ಸಾಮಾನ್ಯವಾಗಿ ಜಾಸ್ತಿ. ಬೇಡ ಎಂದು ಒತ್ತಿದರೂ ಹಣ ಬಂದೇ ಬರುತ್ತದೆ, ಜ್ಲೋಟಿ ಲೆಕ್ಕದಲ್ಲಿ. ಅಂಗಡಿಯಲ್ಲಿ ಕಾರ್ಡ್ ಬಳಸುವಾಗಲೂ ಇದೇ ಮಾತು.

ನೋಟು ಬದಲಾಯಿಸುವ ಅಂಗಡಿಗೆ ಅಲ್ಲಿ ಕಾಂಟೋರ್ ಅಂತಾರೆ. ‘ಕಮಿಷನ್ ಇಲ್ಲ’ ಎಂಬ ಬೋರ್ಡ್ ನಂಬಿ ಒಳಗೆ ಹೋಗಬಾರದು. ಕೊಳ್ಳುವ ದರ, ಮಾರುವ ದರ ಎರಡನ್ನೂ ಹಾಕಿರುತ್ತಾರೆ. ಇವೆರಡರ ನಡುವಿನ ಅಂತರ ಕಡಿಮೆ ಇದ್ದಷ್ಟೂ ನಮಗೆ ಒಳ್ಳೆಯದು. ಅವರ ಲಾಭವೆಲ್ಲ ಅಡಗಿರುವುದು ಅಲ್ಲೇ ಅಲ್ವಾ?

ಇನ್ನು ಊಟ. ‘ಬಾರ್ ಮ್ಲೆಚ್ನಿ’, ಅಂದರೆ ಮಿಲ್ಕ್ ಬಾರ್‌ಗಳು ನಮ್ಮ ದರ್ಶಿನಿಯ ಹಾಗೆ. ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡು, ಅಡುಗೆಮನೆಯ ಕಿಟಕಿಯಲ್ಲಿ ತಟ್ಟೆ ಪಡೆಯಬೇಕು. ತಿಂದ ತಟ್ಟೆಯನ್ನೂ ನಾವೇ ವಾಪಸ್ ಇಡಬೇಕು. ಇಲ್ಲಿ ಸರ್ಕಾರದ ಸಹಾಯಧನ ಇರುವುದು ಮಾಂಸವಿಲ್ಲದ ಅಡುಗೆಗೆ. ಹಾಗಾಗಿ ನಮ್ಮಂಥ ಸಸ್ಯಾಹಾರಿಗಳಿಗೆ ಹೊಟ್ಟೆಯೂ ತುಂಬುತ್ತದೆ, ಖರ್ಚೂ ಕಡಿಮೆ. ಆಲೂಗಡ್ಡೆ, ಚೀಸ್ ತುಂಬಿ ಬೇಯಿಸಿದ ‘ಪಿಯೆರೋಗಿ ರುಸ್ಕಿಯೆ’ ನನ್ನ ಹೆಂಡತಿಗೆ ಬಹಳ ಹಿಡಿಸಿತು. ಕೆಲವು ಕಡೆ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸುತ್ತಾರೆ, ಬೇಡ ಎಂದು ಮೊದಲೇ ಹೇಳಿಬಿಡಿ.

ಪೋಲೆಂಡಿನ ಯಹೂದಿಗಳ ಇತಿಹಾಸ ಹೇಳುವ ವಾರ್ಸಾದ ಪೋಲಿನ್ ಮ್ಯೂಸಿಯಂನ ಶಾಶ್ವತ ಪ್ರದರ್ಶನಕ್ಕೆ ಗುರುವಾರ ಪ್ರವೇಶ ಉಚಿತ. ಊರಿಂದೂರಿಗೆ ಹೋಗಲು ವೇಗದ ರೈಲೇ ಬೇಕೆಂದಿಲ್ಲ, ಸಾಧಾರಣ ರೈಲು ಸಾಕು.

ಪೋಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕವೇ 2024ರ ಜೂನ್‌ನಿಂದ ತಲೆಗೆ 90 ಯೂರೋ. ಅಷ್ಟು ಕೊಟ್ಟು ಹೋಗುವ ನಿವೃತ್ತರು, ಮೇಷ್ಟ್ರುಗಳು ನಿಮ್ಮ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಮುಂದಿನ ಪ್ರವಾಸ ಲೇಖನದ ಜೊತೆ ಕೋಟೆ, ಚರ್ಚ್ ಚಿತ್ರಗಳ ಪಕ್ಕದಲ್ಲಿ ಆ ಎಟಿಎಂ ಪರದೆಯ ಚಿತ್ರವನ್ನೂ ದಯವಿಟ್ಟು ಹಾಕಿ, ಯಾವ ಗುಂಡಿ ಒತ್ತಬೇಕೆಂದು ಗುರುತು ಮಾಡಿ.

– ನಿವೃತ್ತ ಬ್ಯಾಂಕ್ ಕ್ಯಾಶಿಯರ್, ಮೈಸೂರು