ದನದ ಸಂತೆ ಮತ್ತು ನಮ್ಮ ಹೆಣ್ಣುಮಕ್ಕಳು: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ಹೋದ ಮಂಗಳವಾರ ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂಬತ್ತನೇ ತರಗತಿಯ ಮಕ್ಕಳನ್ನು ಚಿತ್ರ ಬರೆಸಲು ದನದ ಸಂತೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ತೆಗೆದ ಫೋಟೊ ವಾಟ್ಸಾಪ್ ಗ್ರೂಪಿಗೆ ಬಂದ ಮೇಲೆ ಹಲವರು ಫೋನ್ ಮಾಡಿದಿರಿ, ಕೆಲವರು ಶಾಲೆಗೇ ಬಂದಿರಿ. ಎಲ್ಲರೂ ಕೇಳಿದ್ದು ಒಂದೇ: "ಹುಡುಗರು ಹೋಗಲಿ ಮೇಡಂ, ಹೆಣ್ಣುಮಕ್ಕಳು ಯಾಕೆ? ಅದೂ ಪ್ಯಾಂಟ್ ಹಾಕಿಕೊಂಡು?"

ನಿಮ್ಮ ಆತಂಕ ನನಗೆ ಗೊತ್ತಾಗುತ್ತದೆ. ಸಂತೆ ಅಂದರೆ ನೂಕಾಟ, ಸಗಣಿ, ದಲ್ಲಾಳಿಗಳ ಗಟ್ಟಿ ಮಾತು ಎಲ್ಲಾ ಇರುತ್ತದೆ. ಅದಕ್ಕೇ ಇಬ್ಬರು ಶಿಕ್ಷಕಿಯರು ಉದ್ದಕ್ಕೂ ಜೊತೆಗಿದ್ದರು. ಮಕ್ಕಳು ಸಂತೆಯ ಅಂಚಿನಲ್ಲಿ, ಹುಣಸೆ ಮರದ ಕೆಳಗೆ ಕೂತಿದ್ದರು. ನೆಲದ ಮೇಲೆ ಕೂತು, ಎದ್ದು, ಮತ್ತೆ ಕೂರುವುದಕ್ಕೆ ಸ್ಕರ್ಟ್ ಸರಿಹೋಗುವುದಿಲ್ಲ ಅಂತ ಪಿ.ಟಿ. ಪ್ಯಾಂಟ್ ಹಾಕಿಕೊಂಡು ಬರಲು ಹೇಳಿದ್ದೆವು. ಬೇರೆ ಕಾರಣ ಇಲ್ಲ.

ಈ ಅವಧಿಯಲ್ಲಿ ಮಕ್ಕಳು ಹತ್ತೊಂಬತ್ತನೇ ಶತಮಾನದ ಮಹಿಳಾ ಚಿತ್ರಕಾರರ ಬಗ್ಗೆ ಓದುತ್ತಿದ್ದಾರೆ. ಅವರಲ್ಲಿ ಫ್ರಾನ್ಸಿನ ರೋಸಾ ಬೊನರ್ ಅವರ ಕಥೆಯನ್ನು ನೀವೂ ಕೇಳಬೇಕು. ಹುಟ್ಟಿದ್ದು 1822ರಲ್ಲಿ. ಪ್ಯಾರಿಸ್‌ನ ದೊಡ್ಡ ಸರ್ಕಾರಿ ಕಲಾಶಾಲೆಗೆ ಆಗ ಹುಡುಗಿಯರನ್ನು ಸೇರಿಸುತ್ತಿರಲಿಲ್ಲ. ತಂದೆ ಚಿತ್ರಕಾರರು, ಮಗಳಿಗೆ ಅವರೇ ಗುರುವಾದರು. ಪ್ರಾಣಿಗಳ ಮೈಕಟ್ಟು ತಿಳಿಯಲು ಆಕೆ ಕಸಾಯಿಖಾನೆಗೂ ಹೋದರು. 1851ರಿಂದ ಸುಮಾರು ಒಂದೂವರೆ ವರ್ಷ, ವಾರಕ್ಕೆ ಎರಡು ಸಲ, ಪ್ಯಾರಿಸ್‌ನ ಕುದುರೆ ಸಂತೆಯಲ್ಲಿ ಕೂತು ಚಿತ್ರ ಬರೆದರು. ಯಾರೂ ತಮ್ಮ ಕಡೆ ನೋಡದಿರಲಿ ಅಂತ ಗಂಡಸರ ಬಟ್ಟೆ ಹಾಕುತ್ತಿದ್ದರು. ಆ ಊರಿನಲ್ಲಿ ಹೆಂಗಸರು ಹಾಗೆ ಬಟ್ಟೆ ಹಾಕಲು ಪೊಲೀಸರ ಅನುಮತಿ ಬೇಕಿತ್ತು. ಅವರಿಗೆ 1857ರಲ್ಲಿ ಕೊಟ್ಟ ಅನುಮತಿ ಚೀಟಿ ಉಳಿದುಬಂದಿದೆ. ಅದರಲ್ಲಿರುವ ಕಾರಣ ಆರೋಗ್ಯ. ಅವಧಿ ಆರೇ ತಿಂಗಳು. ಆ ಉಡುಪಿನಲ್ಲಿ ನಾಟಕ, ನೃತ್ಯಕೂಟಗಳಿಗೆ ಹೋಗುವಂತಿಲ್ಲ ಅಂತ ಷರತ್ತು ಬೇರೆ.

ಆ ಸಂತೆಯಿಂದ ಬಂದದ್ದೇ 1853ರಲ್ಲಿ ಪ್ರದರ್ಶನವಾದ 'ಕುದುರೆ ಸಂತೆ'. ಸುಮಾರು ಎಂಟು ಅಡಿ ಎತ್ತರ, ಹದಿನಾರು ಅಡಿಗೂ ಜಾಸ್ತಿ ಅಗಲ. ಇವತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 1865ರಲ್ಲಿ ಫ್ರಾನ್ಸಿನ ರಾಣಿ ಯುಜೆನಿ ತಾವೇ ಅವರ ಮನೆಗೆ ಬಂದು ಆ ದೇಶದ ಅತಿ ದೊಡ್ಡ ಗೌರವವಾದ 'ಲೀಜನ್ ಆಫ್ ಆನರ್' ಪದಕ ತೊಡಿಸಿದರು. ಅದನ್ನು ಪಡೆದ ಮೊದಲ ಚಿತ್ರಕಾರ್ತಿ ಅವರೇ. ಆ ಕಲಾಶಾಲೆಯ ಬಾಗಿಲು ಹುಡುಗಿಯರಿಗೆ ತೆರೆದಿದ್ದು ಮಾತ್ರ 1897ರಲ್ಲಿ. ಅಷ್ಟು ಹೊತ್ತಿಗೆ ರೋಸಾ ಅವರಿಗೆ ಎಪ್ಪತ್ತು ದಾಟಿತ್ತು.

ಲಂಡನ್ನಿನಲ್ಲೂ ಹೀಗೆಯೇ. ಲಾರಾ ಹರ್ಫರ್ಡ್ ಎಂಬಾಕೆ 1860ರಲ್ಲಿ ರಾಯಲ್ ಅಕಾಡೆಮಿಯ ಕಲಾಶಾಲೆಗೆ ಚಿತ್ರ ಕಳಿಸುವಾಗ ಹೆಸರಿನ ಬದಲು ಬರೀ ಇನಿಶಿಯಲ್ ಹಾಕಿದರು. ಗಂಡಸು ಅಂದುಕೊಂಡು ಸೀಟು ಕೊಟ್ಟರು!

ನಮ್ಮ ಕಡೆಯದೂ ಒಂದು ಹೇಳುತ್ತೇನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಚಿತ್ರಗಳನ್ನು ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಅವರ ತಂಗಿ ಮಂಗಳಾಬಾಯಿ ಕೂಡ ಚಿತ್ರಕಾರ್ತಿ, ಅಣ್ಣನ ಭಾವಚಿತ್ರವನ್ನೂ ಬರೆದಿದ್ದಾರೆ. ಅಣ್ಣ ದೇಶವೆಲ್ಲ ಸುತ್ತಿದರು, ಹೆಸರಾದರು. ತಂಗಿಯ ಹೆಸರು ನಮ್ಮಲ್ಲಿ ಎಷ್ಟು ಮನೆಯಲ್ಲಿ ಗೊತ್ತು? ಇದು ನನ್ನನ್ನು ಬಹಳ ಕಾಡುತ್ತದೆ.

ಮಂಗಳವಾರ ನಿಮ್ಮ ಮಗಳೊಬ್ಬಳು ಬರೆದ ಹೋರಿಯ ಚಿತ್ರ ನನ್ನ ಮೇಜಿನ ಮೇಲಿದೆ. ಹೋರಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿದೆ. ಗಂಗೆದೊಗಲು ಮಡಿಕೆ ಮಡಿಕೆಯಾಗಿ ಇಳಿದಿದೆ. ಪಕ್ಕದಲ್ಲಿ ಇಬ್ಬರು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಿದ್ದಾರೆ. ಕ್ಯಾಲೆಂಡರ್ ನೋಡಿ ಬರೆದರೆ ಇದು ಬರುವುದಿಲ್ಲ. ಮೂರು ಸಲ ಅಳಿಸಿದ ಗುರುತು ಆ ಹಿಂಗಾಲಿನ ಹತ್ತಿರ ಇದೆ. ದಯವಿಟ್ಟು ಬಂದು ನೋಡಿ.

ಹುಡುಗರನ್ನು ಮಾತ್ರ ಕರೆದುಕೊಂಡು ಹೋಗಿ ಅಂದಿದ್ದೀರಿ. ಅದು ನನ್ನ ಕೈಲಿ ಆಗುವುದಿಲ್ಲ. ಹೋದರೆ ಎಲ್ಲರೂ ಹೋಗುತ್ತಾರೆ. ಹಾಗಂತ ಯಾವ ಮಗುವಿಗೂ ಬಲವಂತ ಇಲ್ಲ. ಪ್ಯಾಂಟ್ ಬೇಡ ಅನ್ನುವವರು ಚೂಡಿದಾರ್ ಹಾಕಿ ಕಳಿಸಿ, ನಮ್ಮ ತಕರಾರಿಲ್ಲ. ತಾಯಂದಿರು ಯಾರಾದರೂ ಜೊತೆಗೆ ಬರುವುದಾದರೆ ತುಂಬಾ ಸಂತೋಷ. ಗಣಿತ, ವಿಜ್ಞಾನದ ಒಂದು ಪೀರಿಯಡ್ಡೂ ಹೋಗದ ಹಾಗೆ ಟೈಮ್‌ಟೇಬಲ್ ಮಾಡಿದ್ದೇವೆ. ಆದರೆ ಹೆಣ್ಣುಮಕ್ಕಳನ್ನು ಕ್ಲಾಸಿನಲ್ಲಿ ಕೂರಿಸಿ, ಹುಡುಗರು ತಂದ ಚಿತ್ರ ನೋಡಿ ಬರೆಯಿರಿ ಅಂತ ನಾನು ಹೇಳಲಾರೆ.

ಮುಂದಿನ ಸಂತೆಯ ಒಪ್ಪಿಗೆ ಚೀಟಿ ಮಕ್ಕಳ ಡೈರಿಯಲ್ಲಿದೆ, ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ