ಹಸಿರು ಟೋಪಿಯ ಹಿರಿಯರೇ, ಥ್ಯಾಂಕ್ಸ್

ಮೊನ್ನೆ ಬೆಳಿಗ್ಗೆ ಚಳಿಯಲ್ಲಿ ನಡುಗುತ್ತಾ ಕಡಲ ದಡದಲ್ಲಿ ನಿಂತಿದ್ದೆ. ಒಂದೇ ಒಂದು ಹಕ್ಕಿ ಇಲ್ಲ. ಬಂದದ್ದೇ ದಂಡ ಅಂತ ಹೊರಟಾಗ ನೀವು ಸುಮ್ನೆ ನಕ್ಕು, "ಈಗ ಉಬ್ಬರ ಅಲ್ವಾ? ಬನ್ನಿ" ಅಂದಿರಿ.

ಉಬ್ಬರದಲ್ಲಿ ಮೇಯುವ ಜಾಗವೆಲ್ಲ ಮುಳುಗುತ್ತದೆ, ಹಕ್ಕಿಗಳು ದಡದ ಹಿಂದಿರುವ ಹೊಂಡಗಳಿಗೆ ಬಂದು ನಿದ್ದೆ ಮಾಡುತ್ತವೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ನೋಡಿದರೆ ಸಾಲುಸಾಲು! ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿಕೊಂಡಿದ್ದವು. ಫೋಟೋ ಆಸೆಗೆ ಇನ್ನೂ ಹತ್ತಿರ ಹೋಗಲು ಹೊರಟವನ ತೋಳು ಹಿಡಿದು ನಿಲ್ಲಿಸಿದಿರಿ. "ತಲೆ ಎತ್ತಿದವು ನೋಡಿ. ಇನ್ನೊಂದು ಹೆಜ್ಜೆ ಇಟ್ಟರೆ ಎಲ್ಲ ಹಾರುತ್ತವೆ. ಚಳಿಗಾಲದಲ್ಲಿ ಸುಮ್ಮನೆ ಹಾರಿಸಿದರೆ ಮೈಯ ಕೊಬ್ಬು ಕರಗುತ್ತೆ." ನಾಚಿಕೆಯಾಯಿತು.

ನೀರು ಇಳಿದ ಮೇಲೆ ನಿಮ್ಮ ದುರ್ಬೀನಿನಲ್ಲಿ ಸ್ಯಾಂಡರ್ಲಿಂಗ್ ತೋರಿಸಿದಿರಿ, ದಡದಲ್ಲಿ ಮೇಯುವ ಉಲ್ಲಂಕಿ ಜಾತಿಯ ಪುಟ್ಟ ಹಕ್ಕಿ. ಅಲೆ ಹಿಂದೆ ಸರಿದರೆ ಅದರ ಹಿಂದೆ ಓಟ, ಅಲೆ ಬಂದರೆ ವಾಪಸ್ ಓಟ, ಕೀಲಿ ಕೊಟ್ಟ ಆಟಿಕೆಯ ಹಾಗೆ. ಬಿಳಿ ಹೊಟ್ಟೆ, ಕಪ್ಪು ಕಾಲು. ಬೇರೆ ಉಲ್ಲಂಕಿಗಳಿಗಿರುವ ಹಿಂಬೆರಳು ಇದಕ್ಕಿಲ್ಲವಂತೆ. ಒದ್ದೆ ಮರಳಲ್ಲಿ ಬಗ್ಗಿ ನೋಡಿದೆ, ಮೂರೇ ಬೆರಳಿನ ಗುರುತು! ಪ್ಲವರ್ ಅನ್ನೋ ಇನ್ನೊಂದು ದಡದ ಹಕ್ಕಿಯ ಓಟ ಹಾಗಲ್ಲ. ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ. ಬಣ್ಣಕ್ಕಿಂತ ನಡಿಗೆ ನೋಡಿ ಅಂದಿರಲ್ಲ, ಅದು ನೂರಕ್ಕೆ ನೂರು ನಿಜ. ಚಳಿಗಾಲದಲ್ಲಿ ಎಲ್ಲವೂ ಬೂದು ಬೂದು.

ಎರಡು ಗಂಟೆ ನಿಮ್ಮ ದುರ್ಬೀನು ನನ್ನ ಕೈಯಲ್ಲೇ ಇತ್ತು. ನೀವು ಬರಿಗಣ್ಣಲ್ಲೇ ನೋಡಿದಿರಿ. ಹೆಸರು ಕೇಳಲೂ ಮರೆತೆ. ಈಗ ಉಬ್ಬರದ ವೇಳಾಪಟ್ಟಿ ನೋಡದೆ ಮನೆ ಬಿಡುವುದಿಲ್ಲ, ಸರ್.