ಆ ಆರರ ಬಗ್ಗೆ

ಪುಟ್ಟೀ,

ಕೆಲಸ, ಬಾಡಿಗೆ, ನಿಮ್ಮಮ್ಮನ ಮಂಡಿ ನೋವು ಎಲ್ಲ ಗೊತ್ತಿರೋದೇ, ಬಿಡು. ಪತ್ರದ ಕೊನೆಗೆ ನಿನ್ನ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯದ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಪ್ಪ, ಪಂದ್ಯವಿಡೀ ಓಡಿದೆ, ಕೋಚ್ ತೋರಿಸಿದ ಶೀಟಲ್ಲಿ ನನ್ನ ಹೆಸರಿನ ಮುಂದೆ ಬರೀ ಆರು, ನಾನು ಟೀಮಿಗೆ ಭಾರ" ಅಂತ. ಅದು ನನ್ನ ನಿದ್ದೆ ಕೆಡಿಸಿತು.

ಆರು ಸಲ ಚೆಂಡನ್ನು ಒದ್ದೆ, ಇಲ್ಲವೇ ಮುಷ್ಟಿಯಿಂದ ಗುದ್ದಿ ಹ್ಯಾಂಡ್‌ಬಾಲ್ ಮಾಡಿದೆ. ಅಷ್ಟೇ ಅಲ್ವಾ ಅದು? ನೀನು ಬ್ಯಾಕ್ ಪಾಕೆಟ್, ಅಂದರೆ ನಿಮ್ಮ ಗೋಲ್ ಪಕ್ಕದ ಕಾವಲಿನ ಜಾಗದಲ್ಲಿ ಆಡುವವಳು. ಎದುರಿನ ಫಾರ್ವರ್ಡ್‌ಗೆ ಚೆಂಡು ಸಿಗದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ. ಸಿಗದೇ ಹೋದ ಚೆಂಡನ್ನು ಎಣಿಸುವುದು ಹೇಗೆ? ಮಾರ್ಕ್ ಹಿಡಿಯಲು, ಅಂದರೆ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯಲು ಬಂದವಳ ಕೈಯಿಂದ ಚೆಂಡನ್ನು ಗುದ್ದಿ ತಪ್ಪಿಸುವುದು, ಒದೆಯುವ ಕಾಲಿಗೇ ಅಡ್ಡ ಬೀಳುವುದು, ಇಂಥವಕ್ಕೆ ಇಲ್ಲಿ ಒನ್ ಪರ್ಸೆಂಟರ್ ಅನ್ನುತ್ತಾರೆ. ನೂರಕ್ಕೆ ಒಂದಂತೆ! ಹೆಸರಿಟ್ಟವನು ಒಂದು ದಿನವೂ ಬ್ಯಾಕ್‌ಲೈನಲ್ಲಿ ನಿಂತಿರಲಿಕ್ಕಿಲ್ಲ.

ಇದನ್ನೆಲ್ಲ ಹೇಳಲು ನನಗೆ ಮುಖ ಇಲ್ಲ. ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ, ಹಾಸನದಲ್ಲಿ ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದೆ ಅಂತ ಗೊತ್ತಾಗಿ ಪಕ್ಕದ ಬೀದಿಯ ಕ್ಲಬ್‌ನವರು ಕೈಗೆ ಪೆನ್ಸಿಲ್ ಕೊಟ್ಟರು. ಮಳೆಗೆ ನೆಂದ ಹಾಳೆಯ ಮೇಲೆ ಒದ್ದಿದ್ದಕ್ಕೆ, ಹ್ಯಾಂಡ್‌ಬಾಲ್ ಮಾಡಿದ್ದಕ್ಕೆ ಒಂದೊಂದು ಗೀಟು ಎಳೆಯುತ್ತಿದ್ದೆ, ನಾಲ್ಕಾದ ಮೇಲೆ ಒಂದು ಅಡ್ಡಗೀಟು. ಕೆಂಪು ಕೂದಲಿನ ಒಬ್ಬ ಹುಡುಗನಿದ್ದ. ಒಂದು ಶನಿವಾರ ಅವನ ಸಾಲಿಗೆ ಅಡ್ಡಗೀಟೇ ಬೀಳಲಿಲ್ಲ. ಕೋಚ್ ಹಾಳೆ ನೋಡಿ ಮುಂದಿನ ವಾರ ಕೈಬಿಟ್ಟ. ಆದರೆ ಆ ಹುಡುಗ ಕಾವಲು ಕಾಯುತ್ತಿದ್ದ ಎದುರಾಳಿ ಅವತ್ತು ಒಂದೂ ಗೋಲ್ ಹೊಡೆದಿರಲಿಲ್ಲ, ನಾನೇ ಕಣ್ಣಾರೆ ನೋಡಿದ್ದೆ. ಹೊಸಬ, ನನಗ್ಯಾಕೆ ಊರ ಉಸಾಬರಿ ಅಂತ ಸುಮ್ನಿದ್ದೆ. ಹುಡುಗ ಮತ್ತೆ ಗ್ರೌಂಡಿಗೆ ಬರಲಿಲ್ಲ.

ಲೆಕ್ಕ ಸುಳ್ಳು ಅನ್ನುತ್ತಿಲ್ಲ, ಅದು ಎಲ್ಲವನ್ನೂ ಹೇಳುವುದಿಲ್ಲ ಅಷ್ಟೇ. 1970ರ ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಅರ್ಧ ಆಟಕ್ಕೆ ಕಾರ್ಲ್‌ಟನ್ ತಂಡ ಕಾಲಿಂಗ್‌ವುಡ್‌ಗಿಂತ 44 ಪಾಯಿಂಟ್ ಹಿಂದಿತ್ತು. ಬೆಂಚಲ್ಲಿದ್ದ ಟೆಡ್ ಹಾಪ್ಕಿನ್ಸ್‌ನನ್ನು ಕೋಚ್ ರಾನ್ ಬರಾಸಿ ಇಳಿಸಿದರು. ಅಲ್ಲಿಯವರೆಗೆ ಸೊನ್ನೆ ಇದ್ದವನು 4 ಗೋಲ್ ಹೊಡೆದ, ಕಾಲಿಂಗ್‌ವುಡ್ 10 ಪಾಯಿಂಟಲ್ಲಿ ಸೋತಿತು. ಮುಂದೆ ಎಎಫ್‌ಎಲ್‌ನ, ಅಂದರೆ ಈ ಆಟದ ದೊಡ್ಡ ಲೀಗ್‌ನ ಲೆಕ್ಕ ಇಡುವ ಚಾಂಪಿಯನ್ ಡೇಟಾ ಕಂಪನಿ ಶುರು ಮಾಡಿದವರಲ್ಲಿ ಅವನೇ ಒಬ್ಬ, ತಮಾಷೆ ನೋಡು. ಈಗ ಬೆನ್ನಟ್ಟಿ ಒತ್ತಡ ಹಾಕಿದ್ದನ್ನೂ ಎಣಿಸುತ್ತಾರೆ. 2017ರಲ್ಲಿ ರಿಚ್ಮಂಡ್ 37 ವರ್ಷದ ಮೇಲೆ ಕಪ್ ಗೆದ್ದಿದ್ದು ಆ ಬೆನ್ನಟ್ಟುವ ಆಟದಿಂದಲೇ. ನಿಮ್ಮಂಥ ಸಣ್ಣ ಕ್ಲಬ್‌ಗಳಲ್ಲಿ ಅಷ್ಟು ಎಣಿಸಲು ಜನ ಎಲ್ಲಿ?

ಆರು, ಆರು ಅಂತ ನನ್ನ ತಲೆಯಲ್ಲೂ ಓಡುತ್ತಿದೆ ಈಗ. ಕೋಚ್ ಹತ್ತಿರ ಒಂದು ಮಾತು ಕೇಳಿ ನೋಡು, ನೀನು ಕಾದವಳ ಸಾಲಲ್ಲಿ ಎಷ್ಟಿತ್ತು ಅಂತ. ಮುಜುಗರ ಆದರೆ ಬೇಡ. ಪಂದ್ಯದ ರಾತ್ರಿಯೇ ಶೀಟ್ ನೋಡಬೇಡ ಅನ್ನೋಣ ಅಂದರೆ, ನೀನೆಲ್ಲಿ ಕೇಳುತ್ತೀಯ.

ಮುಂದಿನ ತಿಂಗಳು ಅಡಿಲೇಡ್‌ಗೆ ಬರುತ್ತೇನೆ. ಬೌಂಡರಿ ಪಕ್ಕ ಒಂದು ಕುರ್ಚಿ ಹಾಕಿಸು. ನಿನ್ನ ಸಾಲು ಬರೆಯುವುದಿಲ್ಲ, ನೀನು ಕಾಯುವವಳದ್ದು ಬರೆಯುತ್ತೇನೆ. ಪೆನ್ಸಿಲ್ ನಾನೇ ತರುತ್ತೇನೆ.

ನಿನ್ನ ದೊಡ್ಡಪ್ಪ